ಲಾರಿಯ ಉಸಿರು

ಮೈಸೂರಿನಿಂದ ನಂಜನಗೂಡಿಗೆ ಸಾಗುವ ಹೆದ್ದಾರಿಯಲ್ಲಿ, ಕಡಕೊಳವನ್ನು ದಾಟಿದ ಮೇಲೆ ಸಿಗುವ ಊರು ತಾಂಡವಪುರ. ಹೊಲಗದ್ದೆಗಳ ನೆರೆಯಲ್ಲಿಯೇ ಇಲ್ಲಿ ಕೈಗಾರಿಕಾ ಪ್ರದೇಶವೊಂದು ಬೆಳೆದು ನಿಂತಿದೆ. ಊರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಹು ದೂರದ ಊರುಗಳನ್ನು ಒಂದುಗೂಡಿಸುತ್ತದೆ. ಕೊಳ್ಳೇಗಾಲ, ತಿರುಮಕೂಡಲು ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಇವೆಲ್ಲವೂ ಈ ಒಂದೇ ದಾರಿಯ ಮೇಲಿವೆ. ಮುಂದೆ ಅದು ಬಂಡೀಪುರದ ಕಾಡನ್ನು ಹಾದು ಕೇರಳದ ಕೋಳಿಕ್ಕೋಡನ್ನು ಸೇರುತ್ತದೆ. ಕಬ್ಬು, ಬತ್ತ, ಬಾಳೆಗೊನೆ, ತರಕಾರಿ, ಸಿಮೆಂಟು, ಕಾರ್ಖಾನೆಯ ಸರಕು ಇವುಗಳನ್ನು ಹೊತ್ತ ಲಾರಿಗಳು ಹಗಲಿಡೀ ಈ ದಾರಿಯಲ್ಲಿ ಓಡಾಡುತ್ತವೆ. ರೈತನ ಬೆಳೆ ಮಾರುಕಟ್ಟೆಗೆ ಹೋಗುವುದೂ ಮಾರುಕಟ್ಟೆಯ ವಸ್ತು ಮನೆಗೆ ಬರುವುದೂ ಬಹುಮಟ್ಟಿಗೆ ಈ ಲಾರಿಗಳಿಂದಲೇ.

ಇಂಥ ಲಾರಿಯೊಂದು ಭಾರ ಹೊತ್ತು ಏರನ್ನು ಹತ್ತುವಾಗ ಅದರ ಹಿಂದೆ ಕರಿಯ ಹೊಗೆ ಉಗುಳುವುದನ್ನು ಕಾಣದವರು ವಿರಳ. ಹಿಂದೆ ಬರುವ ಸೈಕಲ್ ಸವಾರನು ಮುಖ ತಿರುಗಿಸುತ್ತಾನೆ. ಬಸ್ಸಿಗಾಗಿ ಕಾದು ನಿಂತ ತಾಯಿ ಸೆರಗಿನಿಂದ ಮಗುವಿನ ಮೂಗನ್ನು ಮುಚ್ಚುತ್ತಾಳೆ. ‘ಡೀಸೆಲ್ ಗಾಡಿ ಎಂದಮೇಲೆ ಹೊಗೆ ಇದ್ದದ್ದೇ’ ಎಂದು ಜನ ಸುಮ್ಮನಾಗುತ್ತಾರೆ. ಈ ಮಾತು ಸರಿಯಲ್ಲ. ಕರಿಯ ಹೊಗೆಯು ಡೀಸೆಲ್ ಎಂಜಿನ್ನಿನ ಸ್ವಭಾವವಲ್ಲ; ಅದು ಎಂಜಿನ್ನಿನ ಕಾಯಿಲೆಯ ಕುರುಹು. ಕಾಯಿಲೆಯ ಕಾರಣವನ್ನು ತಿಳಿದವನು ಅದನ್ನು ತಡೆಯಲೂ ಬಲ್ಲನು.

ಕಾರಣವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಹಳ್ಳಿಯ ಅಡುಗೆಮನೆಯನ್ನು ಹೊಕ್ಕರೆ ಸಾಕು. ಒಲೆಯಲ್ಲಿ ಸೌದೆಯನ್ನು ಒತ್ತಾಗಿ ತುರುಕಿದರೆ ಉರಿ ಏಳುವುದಿಲ್ಲ, ಹೊಗೆ ಏಳುತ್ತದೆ. ಊದುಗೊಳವೆಯಿಂದ ನಾಲ್ಕು ಬಾರಿ ಊದಿದೊಡನೆ ಬೆಂಕಿ ಭಗ್ಗನೆ ಹೊತ್ತಿಕೊಂಡು ಹೊಗೆ ತಾನಾಗಿ ಅಡಗುತ್ತದೆ. ಹಿಂದೆ ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದ ಬಗೆಯನ್ನೂ ನೆನೆಯಬಹುದು. ಉರಿಯುವ ಹಣತೆಯ ಕುಡಿಗೆ ತಾಗುವಂತೆ ತಟ್ಟೆಯೊಂದನ್ನು ಕವುಚಿದರೆ ಜ್ವಾಲೆ ತಣ್ಣಗಾಗುತ್ತದೆ, ಅದಕ್ಕೆ ಗಾಳಿಯೂ ಸಾಲದಾಗುತ್ತದೆ. ಎಣ್ಣೆಯಲ್ಲಿರುವ ಇಂಗಾಲ ಪೂರ್ತಿ ಉರಿಯದೆ ನುಣ್ಣನೆಯ ಮಸಿಯಾಗಿ ತಟ್ಟೆಗೆ ಅಂಟುತ್ತದೆ. ಲಾರಿಯ ಹೊಗೆಯಲ್ಲಿರುವುದೂ ಇದೇ ಮಸಿ. ಇಂಧನಕ್ಕೆ ಬೇಕಾದಷ್ಟು ಗಾಳಿ ದೊರೆಯದಿದ್ದಾಗ, ಗಾಳಿಯೊಡನೆ ಅದು ಚೆನ್ನಾಗಿ ಬೆರೆಯದಿದ್ದಾಗ, ಇಲ್ಲವೆ ಉರಿಗೆ ತಕ್ಕ ಕಾವು ಇಲ್ಲದಿದ್ದಾಗ ಮಸಿ ಹುಟ್ಟುತ್ತದೆ. ಹೊಗೆಯಾಗಿ ಹೋದದ್ದು ಸುಡದೆ ಉಳಿದ ಇಂಧನ. ಅಂದರೆ ಲಾರಿಯ ಒಡೆಯನು ಹಣ ಕೊಟ್ಟು ಕೊಂಡು, ದುಡಿಮೆಗೆ ಬಾರದೆ ಗಾಳಿಗೆ ತೂರಿದ ಡೀಸೆಲ್.

ಡೀಸೆಲ್ ಎಂಜಿನ್ನನ್ನು ರೂಪಿಸಿದವನು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು. ಅವನು 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದನು. ಆ ಕಾಲದ ಉಗಿಯಂತ್ರಗಳು ಕಲ್ಲಿದ್ದಲಿನ ಶಕ್ತಿಯಲ್ಲಿ ಬಹುಪಾಲನ್ನು ವ್ಯರ್ಥಮಾಡುತ್ತಿದ್ದವು. ಕಡಿಮೆ ಇಂಧನದಿಂದ ಹೆಚ್ಚು ಕೆಲಸ ಪಡೆಯಬೇಕೆಂಬುದೇ ಅವನ ಹಂಬಲವಾಗಿತ್ತು. ಹಲವು ವರ್ಷಗಳ ಶ್ರಮದ ಬಳಿಕ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಅವನ ಎಂಜಿನ್ ಯಶಸ್ವಿಯಾಗಿ ಓಡಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು.

ಈ ಎಂಜಿನ್ನಿನ ವಿಶೇಷವೆಂದರೆ ಇಂಧನವನ್ನು ಹೊತ್ತಿಸಲು ಕಿಡಿಯೇ ಬೇಡ. ಸೈಕಲ್ ಚಕ್ರಕ್ಕೆ ಪಂಪಿನಿಂದ ಗಾಳಿ ತುಂಬುವಾಗ ಪಂಪಿನ ಕೊಳವೆ ಬೆಚ್ಚಗಾಗುತ್ತದೆ. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರುವಾಗ ಒಳಗಿನ ಗಾಳಿಯನ್ನು ಹೆಚ್ಚುಕಡಮೆ ಹದಿನಾರನೆಯ ಒಂದು ಭಾಗಕ್ಕೆ ಅದುಮುತ್ತದೆ. ಆಗ ಆ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಇಂಜೆಕ್ಟರ್ ಎಂಬ ಸಾಧನವು ಡೀಸೆಲ್ಲನ್ನು ಮಂಜಿನಂತೆ ಒಳಕ್ಕೆ ಚಿಮುಕಿಸುತ್ತದೆ. ಕಾದ ಗಾಳಿಯನ್ನು ಸೋಕಿದೊಡನೆ ಡೀಸೆಲ್ ತಾನೇ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಈ ತಳ್ಳುವಿಕೆಯೇ ಗೇರುಗಳ ಮೂಲಕ ಚಕ್ರಗಳನ್ನು ಸೇರಿ ಲಾರಿಯನ್ನು ನಡೆಸುತ್ತದೆ.

ಆದರೆ ರುಡಾಲ್ಫ್ ಡೀಸೆಲ್‌ನ ಎಂಜಿನ್ನು ಲಾರಿಗೆ ಒಗ್ಗುವಷ್ಟು ಹಗುರವಾಗಿರಲಿಲ್ಲ. ಇಂಧನವನ್ನು ಚಿಮುಕಿಸಲು ಅದಕ್ಕೆ ಅದುಮಿದ ಗಾಳಿಯ ಭಾರವಾದ ಸಲಕರಣೆಗಳು ಬೇಕಾಗುತ್ತಿದ್ದವು. 1927ರಲ್ಲಿ ಜರ್ಮನಿಯ ಬಾಷ್ ಕಂಪನಿಯು ಚಿಕ್ಕದಾದ ಇಂಧನ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಅಂದಿನಿಂದ ಡೀಸೆಲ್ ಲಾರಿಗಳು ಲೋಕದಲ್ಲೆಲ್ಲ ಹರಡಿದವು. ಈ ವಿದ್ಯೆ ಕನ್ನಡ ನಾಡಿಗೂ ಬಂದಿತು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ‘ಮೈಕೋ’ ಎಂದಾಯಿತು. ಭಾರತದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಬೇಕಾದ ಇಂಧನ ಪಂಪು, ಇಂಜೆಕ್ಟರುಗಳು ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ಸಿದ್ಧವಾದವು. 2008ರಲ್ಲಿ ಆ ಸಂಸ್ಥೆಯ ಹೆಸರು ಬಾಷ್ ಎಂದು ಬದಲಾದರೂ ಹಳೆಯ ಮೇಸ್ತ್ರಿಗಳ ಮಾತಿನಲ್ಲಿ ‘ಮೈಕೋ ಪಂಪು’ ಎಂಬ ಹೆಸರು ಅಳಿದಿಲ್ಲ.

ಎಂಜಿನ್ನಿನ ಆರೋಗ್ಯ ನಿಂತಿರುವುದು ಎರಡರ ಮೇಲೆ: ಶುದ್ಧವಾದ ಗಾಳಿ, ಶುದ್ಧವಾದ ಇಂಧನ. ಮೊದಲು ಗಾಳಿಯ ವಿಚಾರ. 1 ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 10,000 ಲೀಟರ್ ಗಾಳಿ ಬೇಕು. ಲೀಟರಿಗೆ 4 ಕಿಲೋಮೀಟರ್ ಓಡುವ ಲಾರಿಯೊಂದು 200 ಕಿಲೋಮೀಟರ್ ಸಾಗಿದರೆ ಅದು 50 ಲೀಟರ್ ಡೀಸೆಲ್ ಕುಡಿಯುತ್ತದೆ. ಜೊತೆಗೆ ಕಡಿಮೆಯೆಂದರೂ 5 ಲಕ್ಷ ಲೀಟರ್ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಇಷ್ಟು ಗಾಳಿಯೂ ಗಾಳಿಸೋಸುಕದ ಕಾಗದದ ಮಡಿಕೆಗಳ ಮೂಲಕವೇ ಬರಬೇಕು. ಬೇಸಿಗೆಯ ಮಣ್ಣುದಾರಿಯಲ್ಲಿ, ಕಬ್ಬಿನ ಗದ್ದೆಯ ಬದಿಯಲ್ಲಿ, ಕಲ್ಲುಗಣಿಯ ಬಳಿಯಲ್ಲಿ ಓಡಾಡುವ ಲಾರಿಯ ಸೋಸುಕ ಬೇಗನೆ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಆಗ ಎಂಜಿನ್ನಿಗೆ ಉಸಿರು ಕಟ್ಟಿದಂತಾಗಿ ಕರಿಯ ಹೊಗೆ ಏಳುತ್ತದೆ. ಕೆಲವರು ಈ ಸೋಸುಕವನ್ನು ಕಳಚಿ ಚಕ್ರಕ್ಕೆ ಬಡಿದು ಧೂಳು ಉದುರಿಸುತ್ತಾರೆ. ಬಡಿತಕ್ಕೆ ಕಾಗದ ಬಿರಿದರೆ ಆ ಬಿರುಕಿನಿಂದ ಧೂಳು ನೇರವಾಗಿ ಸಿಲಿಂಡರನ್ನು ಹೊಕ್ಕು ಉಕ್ಕನ್ನೇ ಸವೆಸುತ್ತದೆ. ಕಾಲಕ್ಕೆ ಸರಿಯಾಗಿ ಹೊಸ ಸೋಸುಕ ಹಾಕುವುದೇ ಲೇಸು. ಗಾಳಿ ಬರುವ ರಬ್ಬರ್ ಕೊಳವೆಗಳು ಸಡಿಲಗೊಂಡಿವೆಯೆ, ಸೀಳಿವೆಯೆ ಎಂಬುದನ್ನೂ ಆಗಾಗ ನೋಡಬೇಕು.

ಗಾಳಿ ಸಾಕಷ್ಟು ಇದ್ದರೂ ಇಂಧನ ಅತಿಯಾದರೆ ಫಲ ಅದೇ. ಮಿತಿ ಮೀರಿ ಸರಕು ಹೇರಿದ ಲಾರಿಯನ್ನು ಮೇಲಿನ ಗೇರಿನಲ್ಲಿಯೇ ಏರಿಗೆ ಹತ್ತಿಸಲು ಚಾಲಕನು ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ, ಇರುವ ಗಾಳಿಗೆ ಮೀರಿದ ಡೀಸೆಲ್ ಒಳಗೆ ಬೀಳುತ್ತದೆ. ಹಳೆಯ ಲಾರಿಗಳಲ್ಲಿ ಪಂಪಿನ ಮುದ್ರೆಯನ್ನು ಒಡೆದು, ಹೆಚ್ಚು ಡೀಸೆಲ್ ಹರಿಯುವಂತೆ ತಿರುಪನ್ನು ತಿರುಗಿಸುವ ಪರಿಪಾಠವೂ ಉಂಟು. ಬಲ ಕೊಂಚ ಹೆಚ್ಚಿದಂತೆ ತೋರಿದರೂ, ಹೆಚ್ಚಿದ ಡೀಸೆಲ್ಲಿನಲ್ಲಿ ಒಂದು ಪಾಲು ಮಸಿಯಾಗಿ ಹೊರಬೀಳುತ್ತದೆ. ಆ ಮಸಿ ಹೊರಗೆ ಮಾತ್ರ ಹೋಗುವುದಿಲ್ಲ. ಕವಾಟಗಳ ಮೇಲೆ, ಇಂಜೆಕ್ಟರಿನ ತುದಿಯಲ್ಲಿ, ಪಿಸ್ಟನ್ನಿನ ಬಳೆಗಳ ಸಂದಿಯಲ್ಲಿ ಅದು ಕಿಟ್ಟವಾಗಿ ಕಟ್ಟುತ್ತದೆ. ಎಂಜಿನ್ ಎಣ್ಣೆಯನ್ನು ಸೇರಿ ಅದನ್ನು ದಪ್ಪಗಾಗಿಸುತ್ತದೆ.

ನಿಂತ ಲಾರಿಯ ಎಂಜಿನ್ನನ್ನು ಗಂಟೆಗಟ್ಟಲೆ ಸುಮ್ಮನೆ ಓಡಿಸುವುದೂ ಮಸಿಗೆ ಕಾರಣ. ಭಾರವಿಲ್ಲದೆ ಓಡುವ ಎಂಜಿನ್ನಿನ ಒಳಗೆ ಬೇಕಾದಷ್ಟು ಕಾವು ಏರುವುದಿಲ್ಲ. ಡೀಸೆಲ್ ಅರೆಬರೆ ಉರಿದು ಇಂಜೆಕ್ಟರಿನ ತುದಿಯಲ್ಲಿ ಕರಿಕಟ್ಟುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ 2009ರಿಂದ ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ಲಾರಿಗಳ ಸಂಚಾರವನ್ನು ನಿಷೇಧಿಸಲಾಗಿದೆ. ತಡವಾಗಿ ಬಂದ ಲಾರಿಗಳು ಕಾಡಿನ ಅಂಚಿನಲ್ಲಿ ಬೆಳಗಾಗುವವರೆಗೆ ಕಾಯಬೇಕಾಗುತ್ತದೆ. ಅಲ್ಲಿ ಎಂಜಿನ್ನನ್ನು ನಿಲ್ಲಿಸಿ ಮಲಗುವ ಚಾಲಕನು ಡೀಸೆಲ್ಲನ್ನೂ ಉಳಿಸುತ್ತಾನೆ, ಎಂಜಿನ್ನನ್ನೂ ಉಳಿಸುತ್ತಾನೆ. ಪಕ್ಕದ ಲಾರಿಯಲ್ಲಿ ಮಲಗಿದವನ ನಿದ್ದೆಯನ್ನೂ ಉಳಿಸುತ್ತಾನೆ.

ಇನ್ನು ಇಂಧನದ ವಿಚಾರ. ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲು ನೀರನ್ನು ಬೇರ್ಪಡಿಸುವ ಸೋಸುಕವನ್ನೂ, ಬಳಿಕ ಸೂಕ್ಷ್ಮವಾದ ಇನ್ನೊಂದು ಸೋಸುಕವನ್ನೂ ಹಾದು, ಹೆಚ್ಚಿನ ಒತ್ತಡದ ಪಂಪನ್ನು ಸೇರಿ, ಅಲ್ಲಿಂದ ಇಂಜೆಕ್ಟರನ್ನು ತಲುಪುತ್ತದೆ. ಇಂಜೆಕ್ಟರಿನ ತುದಿಯಲ್ಲಿರುವ ರಂಧ್ರಗಳು ತೀರ ಕಿರಿದು. ಒಂದು ಮಿಲಿಮೀಟರನ್ನು ಐದು ಪಾಲು ಮಾಡಿದರೆ ಒಂದು ಪಾಲಿಗಿಂತ ಅವು ದೊಡ್ಡವಲ್ಲ. ಪಂಪಿನ ಒಳಗೆ ಒಂದರೊಳಗೊಂದು ಜಾರುವ ಭಾಗಗಳ ನಡುವಣ ಅಂತರ ಕೆಲವೇ ಮೈಕ್ರಾನುಗಳಷ್ಟು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು ಎಂದರೆ ಆ ಅಂತರ ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ. ಈ ಭಾಗಗಳು ಜಾರಲು ಬೇಕಾದ ಜಿಡ್ಡನ್ನೂ ಡೀಸೆಲ್ಲೇ ಒದಗಿಸುತ್ತದೆ. ಇಂದಿನ ಲಾರಿಗಳಲ್ಲಿ ಡೀಸೆಲ್ಲನ್ನು ಅದುಮುವ ಒತ್ತಡ 1,600 ಬಾರ್‌ಗಳನ್ನು ಮುಟ್ಟುವುದುಂಟು. ಅಂದರೆ ಲಾರಿಯ ಚಕ್ರದಲ್ಲಿರುವ ಗಾಳಿಯ ಒತ್ತಡದ ಸುಮಾರು ಇನ್ನೂರು ಪಟ್ಟು. ಇಂಥ ಕಡೆ ಕಣ್ಣಿಗೆ ಕಾಣದ ಧೂಳಿನ ಕಣವೂ ಅರದಂತೆ ಉಜ್ಜಿ ಗಾಯಮಾಡುತ್ತದೆ. ಗಾಯಗೊಂಡ ಇಂಜೆಕ್ಟರು ಮಂಜಿನಂತೆ ಚಿಮುಕಿಸುವ ಬದಲು ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ದಪ್ಪ ಹನಿ ಪೂರ್ತಿ ಉರಿಯದು, ಮತ್ತೆ ಮಸಿ. ಹೀಗೆ ಇಂಧನದ ಕೊಳೆಯೂ ಹೊಗೆಯ ಮಸಿಯೂ ಒಂದೇ ಸರಪಣಿಯ ಎರಡು ಕೊಂಡಿಗಳು.

ಇಂಧನದ ಮೊದಲ ಶತ್ರು ನೀರು. ಅರ್ಧ ಬರಿದಾದ ಟ್ಯಾಂಕಿನಲ್ಲಿ ಉಳಿದ ಜಾಗವನ್ನೆಲ್ಲ ಗಾಳಿ ತುಂಬಿರುತ್ತದೆ. ರಾತ್ರಿ ತಂಪಾದಾಗ ಆ ಗಾಳಿಯ ತೇವ ಟ್ಯಾಂಕಿನ ಗೋಡೆಯ ಮೇಲೆ ಇಬ್ಬನಿಯಂತೆ ಕೂತು ಕೆಳಕ್ಕೆ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನೀರೂ ಡೀಸೆಲ್ಲೂ ಕೂಡುವ ಮೇರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳು ಬೆಳೆದು ಲೋಳೆಯಂಥ ಕೊಳೆಯನ್ನು ಉಂಟುಮಾಡುತ್ತವೆ. ಆ ಲೋಳೆ ಸೋಸುಕವನ್ನು ಕಟ್ಟಿ ನಡುದಾರಿಯಲ್ಲಿ ಲಾರಿಯನ್ನು ನಿಲ್ಲಿಸಿಬಿಡುತ್ತದೆ. ಇದಕ್ಕೆ ಪರಿಹಾರ ಸುಲಭ. ದಿನದ ಕೆಲಸ ಮುಗಿದ ಮೇಲೆ, ಸಂಜೆಯೇ ಟ್ಯಾಂಕನ್ನು ತುಂಬಿಸಿಟ್ಟರೆ ತೇವಕ್ಕೆ ಜಾಗವೇ ಇರುವುದಿಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ನೀರು ಬೇರ್ಪಡಿಸುವ ಸೋಸುಕದ ಕೆಳಗಿರುವ ತಿರುಪನ್ನು ಸಡಿಲಿಸಿ, ತಳದ ನೀರನ್ನು ಪಾತ್ರೆಯೊಂದಕ್ಕೆ ಬಿಟ್ಟುಬಿಡಬೇಕು. ಎರಡು ನಿಮಿಷದ ಈ ಕೆಲಸ ಎರಡು ದಿನದ ದುರಸ್ತಿಯನ್ನು ತಪ್ಪಿಸುತ್ತದೆ.

ಎರಡನೆಯ ಶತ್ರು ಕಲಬೆರಕೆ. ಸೀಮೆಎಣ್ಣೆಗೆ ಡೀಸೆಲ್ಲಿನಷ್ಟು ಜಿಡ್ಡಿಲ್ಲ. ಅಗ್ಗವೆಂದು ಅದನ್ನು ಬೆರೆಸಿದ ಡೀಸೆಲ್ ಕೊಂಡರೆ ಪಂಪು, ಇಂಜೆಕ್ಟರುಗಳು ಒಣಗಿ ಉಜ್ಜಿ ಸವೆಯುತ್ತವೆ. ಉಳಿಸಿದ ಹತ್ತು ರೂಪಾಯಿಗೆ ಸಾವಿರಾರು ರೂಪಾಯಿ ದಂಡ ತೆರಬೇಕಾಗುತ್ತದೆ. ಮೂರನೆಯ ಶತ್ರು ಅಸಡ್ಡೆ. ಟ್ಯಾಂಕಿನ ಮುಚ್ಚಳ ಕಳೆದುಹೋದಾಗ ಚಿಂದಿಬಟ್ಟೆ ತುರುಕುವುದು, ಕೊಳೆಯಾದ ಡಬ್ಬದಿಂದ ಡೀಸೆಲ್ ಸುರಿಯುವುದು, ಹೊಸ ಸೋಸುಕಕ್ಕೆ ಸೋಸದ ಡೀಸೆಲ್ಲನ್ನು ತುಂಬಿಸಿ ಕೂರಿಸುವುದು ಇವೆಲ್ಲವೂ ಕೊಳೆಗೆ ಬಾಗಿಲು ತೆರೆದಂತೆ. ಟ್ಯಾಂಕು ಪೂರ್ತಿ ಬರಿದಾಗುವವರೆಗೆ ಓಡಿಸಿದರೆ ತಳದ ಕೆಸರು ಮೇಲೆದ್ದು ಬರುತ್ತದೆ. ಕೊಳವೆಗಳಲ್ಲಿ ಗಾಳಿ ಸೇರಿ ಇಂಧನದ ಹರಿವೇ ನಿಲ್ಲುತ್ತದೆ. ಆಗ ಕೈಪಂಪನ್ನು ಒತ್ತಿ ಗಾಳಿಯನ್ನು ಹೊರದೂಡಬೇಕು. ಆದರೆ ಎಂಜಿನ್ ಓಡುತ್ತಿರುವಾಗ ಹೆಚ್ಚಿನ ಒತ್ತಡದ ಕೊಳವೆಯನ್ನು ಯಾರೂ ಸಡಿಲಿಸಬಾರದು. ಅದರಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕು ಅಪಾಯ ತಂದೊಡ್ಡುತ್ತದೆ.

ಮಸಿಯನ್ನು ಹುಟ್ಟದಂತೆ ಮಾಡುವುದು ಒಂದು ಬಗೆ; ಹುಟ್ಟಿದ ಮಸಿಯನ್ನು ಹೊರಬೀಳದಂತೆ ಹಿಡಿಯುವುದು ಇನ್ನೊಂದು ಬಗೆ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿಎಸ್–6 ಎಂಬ ಕಟ್ಟುನಿಟ್ಟಾದ ನಿಯಮ ಜಾರಿಗೆ ಬಂದಿತು. ಅದಕ್ಕೆ ಮುಂಚಿನ ಬಿಎಸ್–4 ಡೀಸೆಲ್ಲಿನಲ್ಲಿ ಹತ್ತು ಲಕ್ಷ ಪಾಲಿಗೆ 50 ಪಾಲಿನವರೆಗೆ ಗಂಧಕವಿರಬಹುದಾಗಿತ್ತು. ಈಗಿನ ಮಿತಿ ಕೇವಲ 10 ಪಾಲು. ಈ ನಿಯಮಕ್ಕೆ ಒಳಪಟ್ಟ ಲಾರಿಗಳ ಹೊಗೆಗೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವಿರುತ್ತದೆ. ಜೇನುಗೂಡಿನಂತೆ ಕಣ್ಣುಕಣ್ಣಾದ ಈ ಸೋಸುಕದಲ್ಲಿ ಒಂದು ಓಣಿಯ ಬಾಯಿ ತೆರೆದಿದ್ದರೆ ಅದರ ಪಕ್ಕದ ಓಣಿಯ ಬಾಯಿ ಮುಚ್ಚಿರುತ್ತದೆ. ಹೊಗೆಯು ನಡುವಣ ಗೋಡೆಯ ಸೂಕ್ಷ್ಮ ರಂಧ್ರಗಳನ್ನು ಹಾದೇ ಹೊರಬರಬೇಕು. ಮಸಿ ಒಳಗೇ ಉಳಿಯುತ್ತದೆ.

ಹೀಗೆ ಕೂಡಿದ ಮಸಿಯನ್ನು ಆಗಾಗ ಸುಟ್ಟು ಬೂದಿಮಾಡಬೇಕು. ಲಾರಿ ಭಾರ ಹೊತ್ತು ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಹೊಗೆಗೊಳವೆಯ ಕಾವಿನಿಂದ ಈ ಕೆಲಸ ತಾನಾಗಿಯೇ ನಡೆಯುತ್ತದೆ. ಕಾವು ಸಾಲದಾದಾಗ ಎಂಜಿನ್ನೇ ಸ್ವಲ್ಪ ಹೆಚ್ಚಿನ ಡೀಸೆಲ್ ಬಳಸಿ ಸೋಸುಕವನ್ನು ಸುಮಾರು 600 ಡಿಗ್ರಿಯವರೆಗೆ ಕಾಯಿಸುತ್ತದೆ. ಊರೊಳಗೆ ನಿಂತು ನಿಂತು ಓಡುವ ಲಾರಿಗೆ ಈ ಅವಕಾಶ ದೊರೆಯುವುದು ಕಡಿಮೆ. ಆಗ ಚಾಲಕನ ಮುಂದಿರುವ ಫಲಕದಲ್ಲಿ ದೀಪವೊಂದು ಹೊತ್ತಿಕೊಂಡು, ಮಸಿ ಸುಡುವ ಹೊತ್ತಾಯಿತೆಂದು ಎಚ್ಚರಿಸುತ್ತದೆ. ಆ ದೀಪವನ್ನು ಕಡೆಗಣಿಸಿದರೆ ಸೋಸುಕ ಕಟ್ಟಿಕೊಂಡು ಎಂಜಿನ್ ಬಲಗುಂದುತ್ತದೆ. ಮಸಿ ಸುಡಲು ಲಾರಿಯನ್ನು ನಿಲ್ಲಿಸಬೇಕಾದರೆ ಒಣಹುಲ್ಲು, ತರಗೆಲೆ, ಕಬ್ಬಿನ ರವುದಿ ಇಲ್ಲದ ಬಯಲನ್ನೇ ಆರಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಕಾಡಿನ ಅಂಚಿನಲ್ಲಿ ಕಾದ ಹೊಗೆಗೊಳವೆಯೊಂದು ಕಾಳ್ಗಿಚ್ಚಿಗೆ ಕಾರಣವಾಗಬಲ್ಲುದು. ಸೋಸುಕವನ್ನೇ ಕಿತ್ತೊಗೆಯುವುದು ಪರಿಹಾರವಲ್ಲ. ಹಾಗೆ ಮಾಡುವುದು ನಿಯಮಕ್ಕೂ ವಿರುದ್ಧ, ಜನರ ಆರೋಗ್ಯಕ್ಕೂ ವಿರುದ್ಧ.

ನುರಿತ ವೈದ್ಯನು ನಾಲಗೆಯನ್ನು ನೋಡಿ ರೋಗವನ್ನು ಊಹಿಸುವಂತೆ ನುರಿತ ಮೇಸ್ತ್ರಿ ಹೊಗೆಯ ಬಣ್ಣದಿಂದ ಎಂಜಿನ್ನಿನ ಸ್ಥಿತಿಯನ್ನು ಊಹಿಸಬಲ್ಲನು. ಕರಿಯ ಹೊಗೆಯೆಂದರೆ ಗಾಳಿ ಕಡಿಮೆ, ಇಲ್ಲವೆ ಇಂಧನ ಹೆಚ್ಚು. ನೀಲಿ ಹೊಗೆಯೆಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಬಿಳಿಯ ಹೊಗೆ ಬಿಡದೆ ಬರುತ್ತಿದ್ದರೆ ಇಂಧನ ಹೊತ್ತಿಕೊಳ್ಳದೆ ಹೋಗುತ್ತಿದೆ, ಇಲ್ಲವೆ ಸಿಲಿಂಡರಿಗೆ ನೀರು ಇಳಿಯುತ್ತಿದೆ. ಹೊಗೆ ಕಂಡ ದಿನವೇ ಕಾರಣವನ್ನು ಹುಡುಕಿದರೆ ಚಿಕ್ಕ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ದಂಡದ ಭಯದಿಂದ ಪಡೆಯುವವರೇ ಹೆಚ್ಚು. ಎಂಜಿನ್ನಿನ ನಾಡಿ ಹಿಡಿದು ನೋಡುವ ಸಂದರ್ಭವೆಂದು ಅದನ್ನು ತಿಳಿಯುವುದು ಉಚಿತ.

ಈ ಎಚ್ಚರ ಲಾರಿಯ ಹಿತಕ್ಕೆ ಮಾತ್ರವಲ್ಲ. ಡೀಸೆಲ್ ಹೊಗೆಯಲ್ಲಿರುವ ಮಸಿಯ ಕಣಗಳು ತೀರ ಸಣ್ಣವು. ಮೂಗಿನ ರೋಮಗಳೂ ಗಂಟಲಿನ ತೇವವೂ ಅವನ್ನು ತಡೆಯಲಾರವು. ಅವು ಶ್ವಾಸಕೋಶದ ಆಳದವರೆಗೂ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಈ ಹೊಗೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಕುಡಿಯುವವರು ಯಾರು? ದಿನವಿಡೀ ಲಾರಿಯಲ್ಲಿರುವ ಚಾಲಕ, ಅವನ ಜೊತೆಯ ಕ್ಲೀನರು, ಗ್ಯಾರೇಜಿನಲ್ಲಿ ದುಡಿಯುವ ಹುಡುಗ, ಹೆದ್ದಾರಿಯ ಬದಿಯಲ್ಲಿ ಎಳನೀರು ಮಾರುವವನು, ಅದೇ ದಾರಿಯಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳು. ಸರಕಿನ ಲಾಭದಲ್ಲಿ ಪಾಲಿಲ್ಲದವರೂ ಹೊಗೆಯ ಪಾಲನ್ನು ಹೊರಬೇಕಾಗಿರುವುದು ನ್ಯಾಯವಲ್ಲ.

ಸಾಲ ಮಾಡಿ ಲಾರಿ ಕೊಂಡವನಿಗೆ ಅದೇ ಹೊಲ, ಅದೇ ಮನೆ. ಅದು ನಿಂತರೆ ಅಂದಿನ ಸಂಪಾದನೆ ನಿಲ್ಲುತ್ತದೆ. ಅದರಲ್ಲಿರುವ ತರಕಾರಿ ಬಾಡುತ್ತದೆ. ತರಕಾರಿ ಬೆಳೆದ ರೈತನಿಗೂ ನಷ್ಟವಾಗುತ್ತದೆ. ಬೆಳಗಿನ ಎರಡು ನಿಮಿಷ, ಸ್ವಚ್ಛವಾದ ಎರಡು ಸೋಸುಕ, ಶುದ್ಧವಾದ ಡೀಸೆಲ್, ಮಿತಿಯಲ್ಲಿರುವ ಭಾರ, ಕಾಲಕ್ಕೆ ಬದಲಿಸಿದ ಎಣ್ಣೆ – ಇವು ದೊಡ್ಡ ವಿದ್ಯೆಯೇನೂ ಅಲ್ಲ; ದಿನವೂ ಪಾಲಿಸಬೇಕಾದ ಶಿಸ್ತು. ಯಂತ್ರಕ್ಕೂ ಉಸಿರುಂಟು. ಅದರ ಉಸಿರು ತಿಳಿಯಾಗಿದ್ದರೆ ಊರಿನ ಉಸಿರೂ ತಿಳಿಯಾಗಿರುತ್ತದೆ.

ಪದಗಳ ಅರ್ಥ

ಊದುಗೊಳವೆ – ಒಲೆಯ ಬೆಂಕಿಯನ್ನು ಊದುವ ಕೊಳವೆ
ಕಿಟ್ಟ – ಗಟ್ಟಿಯಾಗಿ ಅಂಟಿಕೊಂಡ ಕೊಳೆ
ಮೇರೆ – ಎಲ್ಲೆ, ಗಡಿ
ರವುದಿ – ಕಬ್ಬಿನ ಒಣಗಿದ ಗರಿ
ಕಾಳ್ಗಿಚ್ಚು – ಕಾಡಿನ ಬೆಂಕಿ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಡೀಸೆಲ್ ಎಂಜಿನ್ನಿನಲ್ಲಿ ಇಂಧನವು ಹೇಗೆ ಹೊತ್ತಿಕೊಳ್ಳುತ್ತದೆ?
2. 1 ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಎಷ್ಟು ಗಾಳಿ ಬೇಕು?
3. ನೀಲಿ ಹೊಗೆಯು ಏನನ್ನು ಸೂಚಿಸುತ್ತದೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಟ್ಯಾಂಕಿನಲ್ಲಿ ನೀರು ಸೇರುವ ಬಗೆಯನ್ನೂ ಅದನ್ನು ತಡೆಯುವ ಉಪಾಯವನ್ನೂ ವಿವರಿಸಿರಿ.
2. ‘ಇಂಧನದ ಕೊಳೆಯೂ ಹೊಗೆಯ ಮಸಿಯೂ ಒಂದೇ ಸರಪಣಿಯ ಎರಡು ಕೊಂಡಿಗಳು.’ ಹೇಗೆ?
3. ಮಸಿ ಹಿಡಿಯುವ ಸೋಸುಕವು ಕೆಲಸ ಮಾಡುವ ರೀತಿಯನ್ನು ತಿಳಿಸಿರಿ.

ಇ. ನಿಮ್ಮ ಊರಿನ ಗ್ಯಾರೇಜಿಗೆ ಹೋಗಿ, ಲಾರಿಯ ದಿನನಿತ್ಯದ ಆರೈಕೆಯನ್ನು ಕುರಿತು ಅಲ್ಲಿಯ ಮೇಸ್ತ್ರಿಯಿಂದ ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.